‘ಮಾಡಲಾಯಿತು’ ಎಂದು ಬರೆಯಬೇಡ

"ಮೊದ್ಲು ನನ್ನ ಹೆಸ್ರು ಬರ್ಕೊ. ಆಮ್ಯಾಲೆ ವಯಸ್ಸು, ಜಾತಿ, ಮನಿ ಸ್ವಂತದ್ದೋ ಬಾಡಿಗೀದೋ. ಅದಾದ ಮ್ಯಾಲೆ ‘ಸಮಸ್ಯೆಯ ಹಿನ್ನೆಲೆ’ ಅಂತ ಒಂದು ಇರ್ತೈತಿ ನೋಡು, ಅಲ್ಲಿ ಜಾಗ ಜಾಸ್ತಿ ಬಿಡು. ಹೋದ ವರ್ಷದ ಹುಡ್ಗಿ ಜಾಗ ಸಾಲ್ದೆ ಹಾಳಿ ಹಿಂದ ಬರ್ದಿದ್ಲು."

2022ರ ಕೊನೆಯ ಒಂದು ಶುಕ್ರವಾರ, ಬಳ್ಳಾರಿಯ ಒಂದು ಕೊಳೆಗೇರಿಯಲ್ಲಿ, ಸಮಾಜಕಾರ್ಯದ ವಿದ್ಯಾರ್ಥಿನಿಯಾಗಿ ನನ್ನ ಮೊದಲ ಕೇಸ್‌ವರ್ಕ್, ಅಂದರೆ ಒಬ್ಬರ ಕಷ್ಟ ಕೇಳಿ ಜೊತೆ ನಿಲ್ಲುವ ಕೆಲಸ, ಶುರುವಾದದ್ದು ಹೀಗೆ. ಕೊರಳಲ್ಲಿ ಐಡಿ ಕಾರ್ಡು, ಕಂಕುಳಲ್ಲಿ ಫೀಲ್ಡ್ ಡೈರಿ, ತಲೆಯಲ್ಲಿ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದ ‘ಬಾಂಧವ್ಯ ಬೆಳೆಸುವ ಹಂತಗಳು’. ಅಜ್ಜಿಗೆ ಅವ್ಯಾವೂ ಬೇಕಿರಲಿಲ್ಲ. ಕೊರೊನಾ ವರ್ಷವೊಂದನ್ನು ಬಿಟ್ಟು ವರ್ಷಕ್ಕೊಬ್ಬರಂತೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಕ್ಕಳನ್ನು ಕಂಡಿದ್ದ ಅವರಿಗೆ ನಮ್ಮ ನಮೂನೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೊಸ್ತಿಲಲ್ಲಿ ಕೂತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತಲೇ ಹೇಳುತ್ತಿದ್ದರು. ಬಳ್ಳಾರಿಯ ಜೀನ್ಸ್ ಬಗ್ಗೆ ಕೇಳಿದವರಿಗೆ ಈ ಕೆಲಸ ಗೊತ್ತಿರಲಿಕ್ಕಿಲ್ಲ. ಹೊಲಿಗೆ ಮುಗಿದ ಪ್ಯಾಂಟುಗಳು ಮೂಟೆಯಲ್ಲಿ ಮನೆಮನೆಗೆ ಬರುತ್ತವೆ. ಅಲ್ಲಲ್ಲಿ ನೇತಾಡುವ ದಾರದ ತುದಿಗಳನ್ನು ಹೆಂಗಸರು ಪುಟ್ಟ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಾರೆ. ಪೀಸಿಗಿಷ್ಟು ಎಂದು ಲೆಕ್ಕ. ಅಜ್ಜಿಯ ಬೆರಳ ತುದಿಗಳು ಶಾಯಿ ಬಾಟಲಿಯಲ್ಲಿ ಅದ್ದಿ ತೆಗೆದ ಹಾಗೆ ನೀಲಿಯಾಗಿದ್ದವು.

ಅವರು ಹೇಳಿದ ಕ್ರಮದಲ್ಲೇ ಬರೆದುಕೊಂಡೆ. ಬೇರೆ ದಾರಿ ಇರಲಿಲ್ಲ.

ನಮ್ಮೂರು ಕೂಡ್ಲಿಗಿ ಕಡೆ. ಅವ್ವ ಅಂಗನವಾಡಿ ಸಹಾಯಕಿ. ಬಿ.ಎ. ಮುಗಿಸಿದವರಿಗೆ ನಮ್ಮ ಕಡೆ ಇರುವುದು ಎರಡೇ ದಾರಿ: ಬಿ.ಎಡ್. ಮಾಡಬೇಕು, ಇಲ್ಲವೇ ಧಾರವಾಡದಲ್ಲಿ ರೂಮು ಹಿಡಿದು ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದಬೇಕು. ಎರಡಕ್ಕೂ ಮನೆಯಲ್ಲಿ ದುಡ್ಡಿರಲಿಲ್ಲ. ಅವ್ವನ ಕೇಂದ್ರಕ್ಕೆ ಬರುತ್ತಿದ್ದ, ಮಕ್ಕಳ ರಕ್ಷಣಾ ಘಟಕದಲ್ಲಿ ಕೆಲಸ ಮಾಡುವ ಅಕ್ಕನೊಬ್ಬರು "ಎಂಎಸ್‌ಡಬ್ಲ್ಯೂ ಮಾಡು, ಎರಡು ವರ್ಷದ್ದು, ಕೆಲಸಕ್ಕೇನೂ ತೊಂದರೆ ಇಲ್ಲ" ಅಂದರು. ಆ ಮಾತಿನ ಎರಡನೇ ಅರ್ಧದ ಬಗ್ಗೆ ಅವರನ್ನು ಈಗ ಕೇಳಬೇಕು ಅನ್ನಿಸುತ್ತದೆ.

ಪ್ರವೇಶದ ಸಂದರ್ಶನದಲ್ಲಿ ಹಿರಿಯ ಸರ್ ಒಬ್ಬರು ಕೇಳಿದರು: "ಯಾಕಮ್ಮಾ ಈ ಕೋರ್ಸು?"

"ಸಮಾಜ ಸೇವೆ ಮಾಡ್ಬೇಕಂತ ಆಸೆ ಸರ್."

"ಸೇವೆಗೆ ಡಿಗ್ರಿ ಯಾಕೆ? ಮಠದಾಗೆ ಅನ್ನ ಬಡಿಸು, ಪುಣ್ಯ ಬರ್ತದೆ."

ಮೇಜಿನ ಆಚೆ ಕೂತಿದ್ದ ಮೂವರೂ ನಕ್ಕರು. ನನ್ನ ಮುಖ ಕೆಂಪಾಯಿತು. ಸೀಟು ಮಾತ್ರ ಸಿಕ್ಕಿತು.

ತರಗತಿಯ ಪಾಠದ ಬಗ್ಗೆ ಹೇಳುವುದು ಹೆಚ್ಚಿಲ್ಲ. ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ, ಕ್ಷೇಮಾಡಳಿತ, ಸಂಶೋಧನೆ, ಸಾಮಾಜಿಕ ಕ್ರಿಯೆ ಎಂದು ಆರು ವಿಧಾನ. ಅಮೆರಿಕದ ಮೇರಿ ರಿಚ್ಮಂಡ್ 1917ರಲ್ಲಿ ಕೇಸ್‌ವರ್ಕ್‌ಗೆ ಶಾಸ್ತ್ರದ ರೂಪ ಕೊಟ್ಟದ್ದು, 1936ರಲ್ಲಿ ಮುಂಬೈಯಲ್ಲಿ ದೊರಾಬ್ಜಿ ಟಾಟಾ ಹೆಸರಿನಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ಶುರುವಾದದ್ದು, 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಬಂದದ್ದು, ಎಲ್ಲ ಇಸವಿಗಳೂ ಬಾಯಿಗೆ ಬರುತ್ತಿದ್ದವು. ಪುಸ್ತಕ ಇಂಗ್ಲಿಷಿನಲ್ಲಿ, ನೋಟ್ಸು ಕನ್ನಡದಲ್ಲಿ. ಕೇಸ್‌ವರ್ಕ್‌ನಲ್ಲಿ ಪರ್ಲ್‌ಮನ್ ಎಂಬ ಅಮೆರಿಕದ ವಿದ್ವಾಂಸೆ ಹೇಳಿದ ‘ನಾಲ್ಕು ಪಿ’ ಅಂತ ಬರುತ್ತದೆ: ಪರ್ಸನ್, ಪ್ರಾಬ್ಲಂ, ಪ್ಲೇಸ್, ಪ್ರೋಸೆಸ್. ಕನ್ನಡದಲ್ಲಿ ಅವು ವ್ಯಕ್ತಿ, ಸಮಸ್ಯೆ, ಸ್ಥಳ, ಪ್ರಕ್ರಿಯೆ. ನಾಲ್ಕರಲ್ಲಿ ಒಂದಕ್ಕೆ ಮಾತ್ರ ‘ಪಿ’ ಉಳಿದಿದೆ. ಆದರೂ ಪ್ರಶ್ನೆಪತ್ರಿಕೆಯಲ್ಲಿ "ನಾಲ್ಕು ‘ಪಿ’ಗಳನ್ನು ವಿವರಿಸಿ" ಅಂತಲೇ ಬರುತ್ತಿತ್ತು, ನಾವೂ ನಗದೆ ಬರೆಯುತ್ತಿದ್ದೆವು.

ನಿಜವಾದ ಓದು ಶುಕ್ರವಾರ, ಶನಿವಾರ. ವಾರದಲ್ಲಿ ಆ ಎರಡು ದಿನ ಕ್ಷೇತ್ರಕಾರ್ಯ. ಬೆಳಿಗ್ಗೆ ಹೋದ ಗಂಟೆ, ಸಂಜೆ ಬಿಟ್ಟ ಗಂಟೆ, ಅಂದಿನ ಉದ್ದೇಶ, ಮಾಡಿದ ಕೆಲಸ, ಗಮನಿಸಿದ್ದು, ಬಳಸಿದ ಕೌಶಲ, ಕಲಿತದ್ದು, ಮುಂದಿನ ಯೋಜನೆ, ಎಲ್ಲ ಡೈರಿಯಲ್ಲಿ ಬರೆದು ಸೋಮವಾರ ಕೊಡಬೇಕು. ಆಮೇಲೆ ‘ಐಸಿ’, ಅಂದರೆ ಮಾರ್ಗದರ್ಶಕರ ಜೊತೆ ಒಬ್ಬೊಬ್ಬರೇ ಕೂತು ಮಾತಾಡುವುದು. ನಮ್ಮ ಬ್ಯಾಚಿನಲ್ಲಿ ಐಸಿ ಅಂದರೆ ಕೆಲವರಿಗೆ ಐದು ನಿಮಿಷದ ಸಹಿ. ನನಗೆ ಹಾಗಾಗಲಿಲ್ಲ.

ಮೊದಲ ಡೈರಿಯನ್ನು ನನ್ನ ಮಾರ್ಗದರ್ಶಕಿ ಮೇಡಂ ನನ್ನ ಕಡೆ ತಿರುಗಿಸಿ ಇಟ್ಟರು. ನಾನು ಬರೆದಿದ್ದೆ: "ಮನೆಭೇಟಿ ಮಾಡಲಾಯಿತು. ಕುಟುಂಬದ ಮಾಹಿತಿ ಸಂಗ್ರಹಿಸಲಾಯಿತು. ಸ್ವಚ್ಛತೆಯ ಕುರಿತು ಅರಿವು ಮೂಡಿಸಲಾಯಿತು." ಪ್ರತಿ ‘ಲಾಯಿತು’ವಿನ ಸುತ್ತ ಕೆಂಪು ಸುನ್ನೆ. ಒಂದು ಪುಟದಲ್ಲಿ ಹನ್ನೊಂದು.

"ಯಾರಮ್ಮಾ ಮಾಡಿದ್ದು ಇದೆಲ್ಲ? ದೆವ್ವವಾ? ನೀನೆಲ್ಲಿದ್ದೆ?"

ಸರ್ಕಾರಿ ವರದಿ ಹೀಗೇ ಇರುತ್ತದಲ್ಲ ಎಂದು ಗೊಣಗಿದೆ. "ಅದಕ್ಕೇ ಹೇಳ್ತಿರೋದು" ಅಂದರು. ಆಮೇಲೆ ಪ್ರೋಸೆಸ್ ರೆಕಾರ್ಡಿಂಗ್ ಬರೆಯಲು ಹಚ್ಚಿದರು. ಫೋನಿನಲ್ಲಿ ರೆಕಾರ್ಡ್ ಮಾಡುವ ಹಾಗಿಲ್ಲ. ಮನೆಗೆ ಬಂದು, ಅವರು ಅಂದದ್ದು ಅವರ ಮಾತಲ್ಲೇ, ನಾನು ಅಂದದ್ದು ನನ್ನ ಮಾತಲ್ಲೇ, ಪಕ್ಕದ ಸಾಲಿನಲ್ಲಿ ಆಗ ನನಗೇನನ್ನಿಸಿತು ಅನ್ನುವುದನ್ನು ಬರೆಯಬೇಕು. ಅರ್ಧ ಗಂಟೆಯ ಮಾತಿಗೆ ಎಂಟು ಪುಟ. ಹಾಸ್ಟೆಲಿನಲ್ಲಿ ಲೈಟು ಆರಿಸು ಎಂದು ರೂಮ್‌ಮೇಟ್ ಬಯ್ಯುತ್ತಿದ್ದಳು. ಬರೆದು ಓದಿದಾಗ ಗೊತ್ತಾಯಿತು: ಅಜ್ಜಿ ಮೂರು ಮಾತಾಡಿದರೆ ನಾನು ಒಂಬತ್ತು ಆಡುತ್ತಿದ್ದೆ. ಅದರಲ್ಲಿ ಆರು ಬುದ್ಧಿಮಾತು.

ಅಜ್ಜಿಯ ‘ಸಮಸ್ಯೆ’ ಎಂದು ನಮ್ಮ ಹಿಂದಿನ ಬ್ಯಾಚುಗಳೆಲ್ಲ ಬರೆದದ್ದು ಮಗನ ಕಾಯಿಲೆಯನ್ನು. ಮೂವತ್ತೈದರ ಆಸುಪಾಸಿನ ಮಗ, ಮೊದಲು ಜೀನ್ಸ್ ಯೂನಿಟ್ಟಿನಲ್ಲಿ ಟೇಲರ್. ಮಿಷನ್ನಿನ ಸದ್ದಿನೊಳಗೆ ಯಾರೋ ತನ್ನ ಹೆಸರು ಹಿಡಿದು ಬಯ್ಯುತ್ತಾರೆ ಅನ್ನಿಸತೊಡಗಿ ಕೆಲಸ ಬಿಟ್ಟಿದ್ದ. ಆಸ್ಪತ್ರೆಯ ಚೀಟಿಯಲ್ಲಿ ಸ್ಕಿಜೋಫ್ರೇನಿಯಾ ಎಂದಿತ್ತು. ನಾನು ಅಣ್ಣಾ ಅನ್ನುತ್ತಿದ್ದೆ. ಮೊದಲ ತಿಂಗಳು ಉತ್ತರವೇ ಇಲ್ಲ. ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಆಮೇಲೆ ಒಂದು ದಿನ, ನಾನು ಡೈರಿ ತೆಗೆಯದೆ ಅಜ್ಜಿಯ ಜೊತೆ ಕತ್ತರಿ ಹಿಡಿದು ದಾರ ಕತ್ತರಿಸುತ್ತಿದ್ದಾಗ, "ಆ ಹೊಲಿಗಿ ಬಿಚ್ಚಿ ಹೋಗ್ತೈತಿ, ಹಂಗ ಹಿಡೀಬ್ಯಾಡ" ಅಂದ. ಅವನು ನನ್ನ ಜೊತೆ ಆಡಿದ ಮೊದಲ ಮಾತು. ಡೈರಿಯ ‘ಬಳಸಿದ ಕೌಶಲ’ ಕಾಲಮಿನಲ್ಲಿ ಏನು ಬರೆಯಬೇಕು ತಿಳಿಯದೆ ಖಾಲಿ ಬಿಟ್ಟೆ. ಮೇಡಂ ಅಲ್ಲಿ ಒಂದು ಟಿಕ್ ಹಾಕಿದ್ದರು.

ಮಾನಸಿಕ ಆರೋಗ್ಯದ ಪಾಠದಲ್ಲಿ ಬಳ್ಳಾರಿಯ ಹೆಸರು ಬರುತ್ತದೆ. ಹೊರಗಿನವರಿಗೆ ಬಳ್ಳಾರಿ ಅಂದರೆ ಗಣಿ, ಬಿಸಿಲು, ರಾಜಕೀಯ. ಆದರೆ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಹಳ್ಳಿಯವರಿಗೆ ಹಳ್ಳಿಯ ಹತ್ತಿರವೇ ಮಾನಸಿಕ ಕಾಯಿಲೆಯ ಔಷಧ ಸಿಗಬೇಕು ಎಂದು ಪ್ರಯೋಗ ಮಾಡಿದ್ದು ಈ ಜಿಲ್ಲೆಯಲ್ಲಿ. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ‘ಬಳ್ಳಾರಿ ಮಾದರಿ’ ಎಂದು ಪುಸ್ತಕದಲ್ಲಿ ಓದಿದ ದಿನ ನಮಗೆಲ್ಲ ಒಂದು ಹೆಮ್ಮೆ. ಮರುದಿನ ಅಜ್ಜಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ಮತ್ತ ಹೋದ ತಿಂಗ್ಳು ಗುಳಿಗಿ ಇಲ್ಲ, ಹೊರಗ ತಗೊ ಅಂತ ಯಾಕ ಚೀಟಿ ಕೊಟ್ರು?"

ಆ ಗುಳಿಗೆಯದ್ದೇ ದೊಡ್ಡ ಕಥೆ. ಮಗ ಗುಳಿಗೆ ತಗೊಳ್ಳುತ್ತಿರಲಿಲ್ಲ. ನಿದ್ದೆ ಬರುತ್ತದೆ, ಬಾಯಿ ಒಣಗುತ್ತದೆ, ಕೈ ಭಾರ ಆಗುತ್ತದೆ ಅನ್ನುತ್ತಿದ್ದ. ಆದರೂ ತಿಂಗಳ ಗುಳಿಗೆ ತಿಂಗಳಿಗೇ ಖಾಲಿಯಾಗುತ್ತಿತ್ತು. ಹೇಗೆ ಅಂತ ನಾನು ಕೇಳಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಒಳಗೆ ನೀರು ಕೇಳಲು ಹೋದವಳು ಕಂಡೆ: ಅಜ್ಜಿ ಗುಳಿಗೆಯನ್ನು ಲೋಟದ ತಳದಲ್ಲಿ ಪುಡಿ ಮಾಡಿ ಸಾರಿಗೆ ಬೆರೆಸುತ್ತಿದ್ದರು. ನನ್ನ ನೋಡಿ ತುಟಿಯ ಮೇಲೆ ಬೆರಳಿಟ್ಟರು. ನೀಲಿ ಬೆರಳು.

ಆ ವಾರ ಬೀಸ್ಟೆಕ್ ಎಂಬ ವಿದ್ವಾಂಸ ಹೇಳಿದ, ಕೇಸ್‌ವರ್ಕ್‌ನ ಏಳು ತತ್ವಗಳ ಪಾಠ ಮುಗಿದಿತ್ತು. ಇದ್ದ ಹಾಗೇ ಒಪ್ಪಿಕೊಳ್ಳುವುದು, ತೀರ್ಪು ಕೊಡದಿರುವುದು, ಗೋಪ್ಯತೆ, ಸ್ವನಿರ್ಣಯದ ಹಕ್ಕು... ಪರೀಕ್ಷೆಯಲ್ಲಿ ಏಳನ್ನೂ ಒಂದರ ಕೆಳಗೊಂದು ಬರೆದರೆ ಪೂರಾ ಅಂಕ. ಅಡಿಗೆಮನೆಯಲ್ಲಿ ಅವು ಒಂದಕ್ಕೊಂದು ಡಿಕ್ಕಿ ಹೊಡೆದವು. ಮಗನಿಗೆ ತಾನೇನು ತಿನ್ನುತ್ತೇನೆ ಎಂದು ತಿಳಿಯುವ ಹಕ್ಕಿದೆ. ಅಜ್ಜಿ ನನ್ನನ್ನು ನಂಬಿ ಬೆರಳಿಟ್ಟಿದ್ದಾರೆ. ಗುಳಿಗೆ ನಿಂತ ವರ್ಷ ಅವನು ಮೂರು ದಿನ ಮನೆಗೆ ಬಾರದೆ ಗುಂತಕಲ್ಲಿನ ರೈಲು ನಿಲ್ದಾಣದಲ್ಲಿ ಸಿಕ್ಕಿದ್ದನಂತೆ. ಇದರಲ್ಲಿ ನನ್ನ ಸೇವಾರ್ಥಿ, ಅಂದರೆ ನಾನು ನೆರವಾಗಬೇಕಾದವರು, ಯಾರು? ಡೈರಿಯ ಮೊದಲ ಪುಟದಲ್ಲಿ ಅಜ್ಜಿಯ ಹೆಸರಿತ್ತು. ಮಗನ ಹೆಸರು ‘ಕುಟುಂಬದ ವಿವರ’ದ ಎರಡನೇ ಸಾಲಿನಲ್ಲಿ.

ಮೇಡಂ ಉತ್ತರ ಹೇಳಲಿಲ್ಲ. ಬರೀ ಕೇಳಿದರು: ನೀನು ಹೇಳಿದರೆ ಏನಾಗುತ್ತದೆ, ಹೇಳದಿದ್ದರೆ ಏನಾಗುತ್ತದೆ, ಅಜ್ಜಿಯೇ ಹೇಳಿದರೆ ಏನಾಗುತ್ತದೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಓದಿಕೊಂಡು ಬಾ ಎಂದರು. ಚಿಕಿತ್ಸೆಯ ಬಗ್ಗೆ ತೀರ್ಮಾನ ಮಾಡುವ ಸಾಮರ್ಥ್ಯ ಕಾಯಿಲೆಯವರಿಗೂ ಇದೆ ಎಂದೇ ಆ ಕಾಯ್ದೆ ಹೊರಡುತ್ತದೆ. ಅದನ್ನು ಓದಿ ನನಗೆ ಸಿಟ್ಟು ಬಂದದ್ದು ಅಜ್ಜಿಯ ಮೇಲೆ. ಆಮೇಲೆ, ಅವರ ಜಾಗದಲ್ಲಿ ಅವ್ವ ಇದ್ದಿದ್ದರೆ ಎಂದು ಯೋಚಿಸಿ ಸಿಟ್ಟು ನನ್ನ ಮೇಲೆ ತಿರುಗಿತು. ಎರಡನ್ನೂ ಪಕ್ಕದ ಸಾಲಿನಲ್ಲಿ ಬರೆದೆ.

ಮೂರು ವಾರ ಹಿಡಿಯಿತು ಅಜ್ಜಿ ಆಸ್ಪತ್ರೆಯ ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಮುಂದೆ ವಿಷಯ ಬಾಯಿಬಿಡಲು. ಅವರು ಗದರಲಿಲ್ಲ. "ಎಷ್ಟು ವರ್ಷದಿಂದ?" ಎಂದಷ್ಟೇ ಕೇಳಿದರು. ವೈದ್ಯರು ಮಗನನ್ನೇ ಕೂರಿಸಿಕೊಂಡು, ದಿನಾ ಗುಳಿಗೆ ಬೇಡವಾದರೆ ಕೆಲವು ವಾರಕ್ಕೊಮ್ಮೆ ಇಂಜೆಕ್ಷನ್ ಇದೆ, ಬೇಕಾ ಎಂದರು. ಅವನು ಬಹಳ ಹೊತ್ತು ಸುಮ್ಮನಿದ್ದು, "ಸಾರು ಕಹಿ ಇರೋದು ನಂಗೊತ್ತಿತ್ತು" ಅಂದ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ಇಂಜೆಕ್ಷನ್ ತಗೊಂಡ. ಎರಡನೆಯದಕ್ಕೂ ಬಂದ. ಮೂರನೆಯದಕ್ಕೆ ಬರಲಿಲ್ಲ; ನಾಲ್ಕನೆಯದಕ್ಕೆ ಮತ್ತೆ ಬಂದ. ಪುಸ್ತಕದ ಕೇಸುಗಳ ಹಾಗೆ ನೇರ ಗೆರೆಯಲ್ಲಿ ಯಾವುದೂ ಹೋಗಲಿಲ್ಲ.

ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಓಡಾಡಿದ್ದು ಇನ್ನೊಂದು. 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ಅದನ್ನು ಅಳೆಯಲು ‘ಐಡಿಯಾಸ್’ ಎಂಬ ಮಾಪಕ: ತನ್ನ ಆರೈಕೆ, ಜನರೊಂದಿಗಿನ ಸಂಬಂಧ, ಮಾತು ಮತ್ತು ತಿಳಿವಳಿಕೆ, ಕೆಲಸ. ನಾಲ್ಕಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೆ ಬೇರೆ. ಶೇಕಡಾ 40 ಮುಟ್ಟಿದರೆ ಸವಲತ್ತಿನ ಬಾಗಿಲು ತೆರೆಯುತ್ತದೆ. ಎರಡು ಸೆಮಿಸ್ಟರಿನಿಂದ ತರಗತಿಯಲ್ಲಿ ‘ಸೇವಾರ್ಥಿಯ ಸಾಮರ್ಥ್ಯ ಗುರುತಿಸಿ’ ಎಂದು ಕಲಿತಿದ್ದೆ. ಇಲ್ಲಿ ಅಜ್ಜಿ ಮಗನೆದುರೇ, ಅವನಿಗೆ ಏನೇನು ಬರುವುದಿಲ್ಲ ಎಂದು ಒಂದೊಂದಾಗಿ ಹೇಳಬೇಕಿತ್ತು. "ಸ್ನಾನಾನೂ ನಾನೇ ಹೇಳಿ ಮಾಡಿಸ್ಬೇಕ್ರಿ" ಎಂದು ಅವರು ಅಂದಾಗ ಮಗ ತಲೆ ಎತ್ತಿ, "ಶುಕ್ರಾರ ನಾನಾಗೇ ಮಾಡ್ತೀನಿ" ಅಂದ. ಅಂಕ ಕಡಿಮೆಯಾದೀತು ಎಂದು ಅಜ್ಜಿ ಅವನ ತೊಡೆ ಚಿವುಟಿದರು. ಶುಕ್ರವಾರ ಯಾಕೆ ಎಂದು ನಾನು ಆಗ ಯೋಚಿಸಲಿಲ್ಲ.

ಇದೇ ಹೊತ್ತಿಗೆ ಅಜ್ಜಿಯ ಸಂಧ್ಯಾ ಸುರಕ್ಷಾ ದುಡ್ಡು, ತಿಂಗಳಿಗೆ 1,200, ಬರುವುದು ನಿಂತಿತು. ಆಧಾರ್ ದೃಢೀಕರಣಕ್ಕೆ ಹೋದರೆ ಬೆರಳು ಒತ್ತಿ ಒತ್ತಿ ಮಿಷನ್ನು ತಗೊಳ್ಳಲಿಲ್ಲ. ದಾರ ಕತ್ತರಿಸಿ, ಬಟ್ಟೆ ಉಜ್ಜಿ ರೇಖೆಯೇ ಸವೆದಿತ್ತು. ಕಣ್ಣಿನ ಮಿಷನ್ನು ಇರುವ ಕಡೆಗೆ ಹೋಗಿ ಎಂದರು. ಅದು ಎಲ್ಲಿದೆ ಎಂದು ಯಾರೂ ಹೇಳಲಿಲ್ಲ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದ ಮೇಲಂತೂ ಇಡೀ ಕೇರಿಗೆ ನಾನು ‘ಎರಡು ಸಾವಿರದ ಹುಡುಗಿ’. ಗುಂಪು ಚರ್ಚೆಗೆಂದು ಹೆಂಗಸರನ್ನು ಕರೆದರೆ ಎಲ್ಲರೂ ರೇಷನ್ ಕಾರ್ಡು ಹಿಡಿದು ಬಂದರು. ಫಾರಂ ತುಂಬುವುದು ವೃತ್ತಿಪರ ಸಮಾಜಕಾರ್ಯವಲ್ಲ ಎಂದು ಒಬ್ಬ ಅಧ್ಯಾಪಕರು ಗುಂಪಿನ ಸಭೆಯಲ್ಲಿ ಹೇಳಿದರು. ಅವರಿಗೆ ಎಂದೂ ಪಿಂಚಣಿ ನಿಂತಿರಲಿಕ್ಕಿಲ್ಲ.

ಗ್ರಾಮೀಣ ಶಿಬಿರ ಎರಡನೇ ಸೆಮಿಸ್ಟರಿನಲ್ಲೇ ಆಗಿಹೋಯಿತು. ಶಾಲೆಯ ಜಗುಲಿಯಲ್ಲಿ ಮಲಗುವುದು, ಬೆಳಿಗ್ಗೆ ಚರಂಡಿ, ಸಂಜೆ ಬೀದಿನಾಟಕ. ಒಂದು ಮಾತ್ರ ನೆನಪಿದೆ. ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸುವಾಗ ಹಿರಿಯರು ಗುಡಿ, ಗಿರಣಿ, ಬೋರ್‌ವೆಲ್, ಹಾಲಿನ ಡೈರಿ ಎಲ್ಲ ಹಾಕಿದರು. ನಕ್ಷೆ ಮುಗಿಯಿತು ಎಂದು ಚಪ್ಪಾಳೆ ತಟ್ಟಿದೆವು. ನಮ್ಮ ಬ್ಯಾಚಿನ ಹುಡುಗನೊಬ್ಬ ದೂರದಲ್ಲಿ ನಿಂತು "ಕೇರಿ ಎಲ್ಲೈತಿ?" ಎಂದ. ಅವನೂ ಅಂಥದೇ ಕೇರಿಯವನು. ಯಾರೂ ಪುಡಿ ಮುಟ್ಟಲಿಲ್ಲ. ಕಡೆಗೆ ಅವನೇ ಬಂದು, ಮೂಲೆಯಲ್ಲಿ ಅಲ್ಲ, ಜಾಗ ಎಷ್ಟಿತ್ತೋ ಅಷ್ಟೂ ದೊಡ್ಡದಾಗಿ ಬರೆದ.

ಎರಡನೇ ವರ್ಷಕ್ಕೆ ಆ ಹುಡುಗ ಎಚ್.ಆರ್. (ಸಿಬ್ಬಂದಿ ನಿರ್ವಹಣೆ) ವಿಶೇಷ ವಿಷಯ ತಗೊಂಡ. ನಮ್ಮಲ್ಲಿ ಅರ್ಧಕ್ಕರ್ಧ ಹುಡುಗರು ಹಾಗೇ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕ್ಷೇಮಾಧಿಕಾರಿ ಇರಲೇಬೇಕಿತ್ತು. ದೊಡ್ಡ ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲು ಕಣ್ಣೆದುರೇ ಇದೆ. ಎನ್‌ಜಿಒಗಳ ಗುತ್ತಿಗೆ ಸಂಬಳದ ಲೆಕ್ಕ ಗೊತ್ತಿದ್ದವರು ಅವರನ್ನು ದೂರುವುದಿಲ್ಲ. ನಾನು ವೈದ್ಯಕೀಯ ಮತ್ತು ಮನೋವೈದ್ಯಕೀಯ ತಗೊಂಡೆ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಕೇಸ್‌ವರ್ಕ್‌ನ ಕೊನೆಯ ಹಂತ ಟರ್ಮಿನೇಷನ್, ಮುಕ್ತಾಯ. ಹಲವು ವಾರ ಮೊದಲೇ ತಿಳಿಸಬೇಕು, ಅವರ ಬೇಸರ, ಸಿಟ್ಟು ಹೊರಬರಲು ಬಿಡಬೇಕು, ಮುಂದೆ ಯಾರನ್ನು ಕಾಣಬೇಕು ಎಂದು ಹೇಳಿಕೊಡಬೇಕು. ಹತ್ತು ಅಂಕದ ಪ್ರಶ್ನೆ. ಎರಡನೇ ಸೆಮಿಸ್ಟರಿನ ಪರೀಕ್ಷೆಯ ದಿನಾಂಕ ಇದ್ದಕ್ಕಿದ್ದ ಹಾಗೆ ಬಂತು, ಕ್ಷೇತ್ರಕಾರ್ಯ ನಿಂತಿತು, ಸಮಗ್ರ ವರದಿ ಸ್ಪೈರಲ್ ಬೈಂಡ್ ಮಾಡಿಸಿ ನಾಲ್ಕು ದಿನದಲ್ಲಿ ಕೊಡಬೇಕಿತ್ತು. ಒಂದು ದಿನ ಹೋಗಿ ಹೇಳಿ ಬರೋಣ ಅಂದುಕೊಂಡೆ. ಅವತ್ತು ಮಳೆ. ಆಮೇಲೆ ಪರೀಕ್ಷೆ. ಆಮೇಲೆ ಊರು. ಮೂರನೇ ಸೆಮಿಸ್ಟರಿಗೆ ಬೇರೆ ಸಂಸ್ಥೆ. ವರದಿಯ ಕೊನೆಯ ಪುಟದಲ್ಲಿ ನಾನು ಬರೆದಿದ್ದೆ: "ಸೇವಾರ್ಥಿಯೊಂದಿಗಿನ ಪ್ರಕ್ರಿಯೆಯನ್ನು ಕ್ರಮಬದ್ಧವಾಗಿ ಮುಕ್ತಾಯಗೊಳಿಸಲಾಯಿತು."

ವರದಿಗಳ ರಾಶಿಯಲ್ಲಿ ಮೇಡಂ ಆ ಪುಟಕ್ಕೆ ಬರಲಿಲ್ಲವೋ ಏನೋ, ಸಹಿ ಮಾತ್ರ ಇತ್ತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಸರಿಯಾಗಿ ಅದನ್ನೇ ಕೇಳಿದರು. ಹಂತಗಳನ್ನೆಲ್ಲ ಪಟಪಟ ಹೇಳಿದೆ. "ಗುಡ್" ಅಂದರು. ಆ ಪತ್ರಿಕೆಯಲ್ಲಿ ನನಗೆ ಬ್ಯಾಚಿಗೇ ಹೆಚ್ಚು ಅಂಕ.

2024ರಲ್ಲಿ ನಾಲ್ಕನೇ ಸೆಮಿಸ್ಟರಿನ ಕೊನೆಗೆ ಬ್ಲಾಕ್ ಪ್ಲೇಸ್‌ಮೆಂಟು, ದಿನವೂ ಕೆಲಸ. ಜಿಲ್ಲೆಯ ಮಾನಸಿಕ ಆರೋಗ್ಯ ತಂಡದ ಜೊತೆ ಹಾಕಿದ್ದರು. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುವ ‘ಮನೋಚೈತನ್ಯ’ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆಂದು ಸಂಡೂರು, ಸಿರುಗುಪ್ಪದ ಕಡೆ ಜೀಪಿನಲ್ಲಿ, ಉಳಿದ ದಿನ ಊರಿನಲ್ಲೇ. ಮೊದಲ ವಾರವೇ ಸಾಲಿನಲ್ಲಿ ಅಜ್ಜಿ ಕಂಡರು, ಪಕ್ಕದಲ್ಲಿ ಮಗ. ನನ್ನನ್ನು ನೋಡಿ ಅಜ್ಜಿ ನಕ್ಕರು, ಬೆನ್ನು ಸವರಿದರು, ಡಾಕ್ಟರಾದೇನು ಎಂದು ಕೇಳಿದರು. ನಾನು ಸಾರಿ ಕೇಳಲು ಮಾತು ಹುಡುಕುತ್ತಿರುವಾಗ ಅವರೇ ಅಂದರು:

"ಹೇಳ್ದಂಗ ಹೋಗಿಬಿಟ್ಟಿ ನೋಡು. ನಮಗೇನು, ರೂಢಿ ಆಗೇತಿ, ವರ್ಷಾ ಒಬ್ರು ಹೋಗ್ತೀರಿ. ಇವ ಮಾತ್ರ ನಾಕು ಶುಕ್ರಾರ ಸ್ನಾನ ಮಾಡ್ಕೊಂಡು ಕಟ್ಟಿ ಮ್ಯಾಲ ಕುಂತಿದ್ದ."

ಮಗ ನೆಲ ನೋಡುತ್ತಿದ್ದ. ಅಂದು ನಾನು ಏನು ಮಾತಾಡಿದೆನೋ ನೆನಪಿಲ್ಲ. ಹಾಸ್ಟೆಲಿಗೆ ಬಂದು ಹಳೆಯ ವರದಿ ತೆಗೆದು ಆ ಸಾಲಿನ ಸುತ್ತ ನಾನೇ ಕೆಂಪು ಪೆನ್ನಿನಲ್ಲಿ ಸುನ್ನೆ ಹಾಕಿದೆ. ಅಂಕ ಬಂದಾಗಿತ್ತು, ಯಾರೂ ನೋಡುವವರಿರಲಿಲ್ಲ.

ಬ್ಲಾಕ್ ಪ್ಲೇಸ್‌ಮೆಂಟು ಮುಗಿಯುವ ಎರಡು ವಾರ ಮೊದಲೇ, ನನ್ನ ಪಟ್ಟಿಯಲ್ಲಿದ್ದ ಹದಿನಾಲ್ಕು ಮನೆಯವರಿಗೂ ಒಬ್ಬೊಬ್ಬರಿಗೇ ಹೇಳಿದೆ. ಕೆಲವರಿಗೆ ಅದೇನು ದೊಡ್ಡ ವಿಷಯವೆಂದು ತಿಳಿಯಲಿಲ್ಲ. ಒಬ್ಬರು "ಆಯ್ತು, ಊಟ ಮಾಡಿ ಹೋಗು" ಅಂದರು. ಮಗ ಇಂಜೆಕ್ಷನ್ ಕೋಣೆಯ ಹೊರಗೆ ಚೀಟಿ ಹಿಡಿದು ಕೂತಿದ್ದ. ಪಕ್ಕದಲ್ಲಿ ಕೂತೆ.

"ಅಣ್ಣಾ, ಈ ತಿಂಗಳ ಕೊನೆಗೆ ನನ್ನ ಓದು ಮುಗೀತದೆ. ಆಮೇಲೆ ನಾನು ಇಲ್ಲಿಗೆ ಬರಲ್ಲ."

ಅವನು ಚೀಟಿಯ ಅಂಚನ್ನು ಮಡಚಿದ, ಬಿಚ್ಚಿದ.

"ಮತ್ತ ಯಾರು ಬರ್ತಾರ?"

"ಗೊತ್ತಿಲ್ಲ" ಅಂದೆ.

"ಹ್ಞೂಂ" ಅಂದ. ಒಳಗಿನಿಂದ ಸಿಸ್ಟರ್ ಹೆಸರು ಕರೆದರು. ಎದ್ದು, ಶರಟಿನ ತೋಳು ಮೇಲೆತ್ತುತ್ತಾ ಹೋದ.